ಹೆಡ್‌ಫೋನ್ ಲೋಕದ ಅಬ್ಬರ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಹೆಡ್‌ಫೋನ್ ಕೊಳ್ಳಬೇಕೋ ಬೇಡವೋ ಎಂದು ತೂಗಿ ನೋಡುತ್ತಿರುವವರಿಗಾಗಿ ಈ ಉತ್ತರಗಳು. ಯಾವುದನ್ನು ಕೊಳ್ಳಬೇಕೆಂಬ ಪಟ್ಟಿ ಇಲ್ಲಿಲ್ಲ. ಒಂದು ಮಾದರಿಯ ಸುತ್ತ ಎದ್ದ ಸದ್ದಿನಲ್ಲಿ ಆ ಮಾದರಿಯ ಗುಣ ಎಷ್ಟು, ಆ ಹೊತ್ತಿನ ಗಾಳಿ ಎಷ್ಟು ಎಂದು ಬೇರ್ಪಡಿಸುವ ಬಗೆಯನ್ನು ಹೇಳಿದ್ದೇವೆ.

ಒಂದು ಹೆಡ್‌ಫೋನ್ ಇದ್ದಕ್ಕಿದ್ದಂತೆ ಎಲ್ಲರ ಬಾಯಲ್ಲೂ ಬರುವುದು ಹೇಗೆ?

ಸಾಮಾನ್ಯವಾಗಿ ಮೂರು ಸಂಗತಿಗಳು ಕೂಡಿ ಬಂದಾಗ: ನಿರೀಕ್ಷೆಗಿಂತ ಕಡಿಮೆ ಬೆಲೆ, ಹಲವರು ನಂಬುವ ವಿಮರ್ಶಕರೊಬ್ಬರ ಮೆಚ್ಚುಗೆ, ಸರಕು ಬೇಗ ಖಾಲಿಯಾದೀತೆಂಬ ಆತಂಕ. ತಯಾರಕರು ವಿಮರ್ಶಕರಿಗೆ ಮೊದಲೇ ಹೆಡ್‌ಫೋನ್ ಕಳಿಸಿ, ಇಂಥ ದಿನದ ತನಕ ಏನನ್ನೂ ಹೊರಗೆ ಹೇಳಬಾರದೆಂದು ಕೇಳಿಕೊಳ್ಳುವುದು ರೂಢಿ. ಆ ದಿನ ಬಂದಾಗ ವಿಮರ್ಶೆಗಳೆಲ್ಲ ಒಟ್ಟಿಗೆ ಸುರಿಯುತ್ತವೆ. ಎಲ್ಲರೂ ಇದನ್ನೇ ಮಾತಾಡುತ್ತಿದ್ದಾರೆ ಅನ್ನಿಸುವುದು ಅದರಿಂದ. ಆದರೆ ಅವೆಲ್ಲವೂ ಹೊಚ್ಚಹೊಸ ಪ್ಯಾಡ್‌ನ, ಕೆಲವೇ ವಾರ ಬಳಸಿದ ಹೆಡ್‌ಫೋನ್‌ನ ಮೇಲಿನ ಅಭಿಪ್ರಾಯಗಳು.

ಆಮೇಲಿನದು ಗುಂಪಿನ ಕೆಲಸ. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಸಂಶೋಧಕರು 14,000ಕ್ಕೂ ಹೆಚ್ಚು ಜನರಿಗೆ ಅಷ್ಟೇನೂ ಪರಿಚಿತವಲ್ಲದ 48 ಹಾಡುಗಳನ್ನು ಕೊಟ್ಟು ಪ್ರಯೋಗ ಮಾಡಿದರು. ಕೆಲವರಿಗೆ ಹಾಡುಗಳನ್ನಷ್ಟೇ ತೋರಿಸಲಾಯಿತು. ಉಳಿದವರಿಗೆ ಪ್ರತಿ ಹಾಡನ್ನೂ ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬುದೂ ಕಾಣುತ್ತಿತ್ತು. ಆ ಸಂಖ್ಯೆ ಕಂಡ ಕಡೆ ಗೆದ್ದ ಹಾಡುಗಳು ಇನ್ನಷ್ಟು ಗೆದ್ದವು, ಸೋತವು ಇನ್ನಷ್ಟು ಸೋತವು. ಗೆಲ್ಲುವ ಹಾಡು ಯಾವುದೆಂದು ಊಹಿಸುವುದೂ ಕಷ್ಟವಾಯಿತು. ತೀರಾ ಒಳ್ಳೆಯ ಹಾಡುಗಳು ಕೆಳಗೆ ಬೀಳುವುದು ಅಪರೂಪ, ತೀರಾ ಕೆಟ್ಟವು ಮೇಲೇರುವುದೂ ಅಪರೂಪ. ನಡುವಿನವುಗಳಿಗೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಆ ನಡುವಿನ ಗುಂಪಿಗೇ ಸೇರಿದವು.

ಹಾಗಾದರೆ ಈ ಅಬ್ಬರ, ಅಂದರೆ ಹೈಪ್, ಸುಳ್ಳೇ?

ಅಲ್ಲ. ಸೆನ್‌ಹೈಸರ್ ಎಚ್‌ಡಿ 650 ಬಂದದ್ದು 2003ರಲ್ಲಿ. 2016ರ ಕೊನೆಗೆ ಅದೇ ಹೆಡ್‌ಫೋನ್ ಎಚ್‌ಡಿ 6ಎಕ್ಸ್‌ಎಕ್ಸ್ ಎಂಬ ಹೆಸರಲ್ಲಿ, ಕಡುನೀಲಿ ಬಣ್ಣದಲ್ಲಿ, ಬಹಳ ಕಡಿಮೆ ಬೆಲೆಗೆ ಮಾಸ್‌ಡ್ರಾಪ್ ಎಂಬ ಮಾರಾಟ ಜಾಲತಾಣದ ಮೂಲಕ ಬಂದಾಗ ಎದ್ದ ಅಬ್ಬರಕ್ಕೆ ತಕ್ಕ ಕಾರಣವಿತ್ತು. ಅಷ್ಟು ವರ್ಷ ಪರೀಕ್ಷೆಗೆ ಒಡ್ಡಿಕೊಂಡ ವಿನ್ಯಾಸ ಹೆಚ್ಚು ಜನರ ಕೈಗೆಟುಕಿತು. ಹೈಪ್ ಸುಳ್ಳು ಹೇಳುವುದಕ್ಕಿಂತ ಅರ್ಧ ಹೇಳುವುದೇ ಹೆಚ್ಚು. ‘ಈ ಬೆಲೆಗೆ ಚೆನ್ನಾಗಿದೆ’ ಎಂದು ಶುರುವಾದ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ‘ಈ ಬೆಲೆಗೆ’ ಎಂಬುದನ್ನು ಕಳೆದುಕೊಳ್ಳುತ್ತದೆ. ಆ ಎರಡು ಪದ ಬಿದ್ದುಹೋದ ಮೇಲೆ ಕೊಂಡವರಿಗೇ ನಿರಾಸೆ.

ಇಂಥ ಅಲೆಗಳು ಹಿಂದೆಯೂ ಇದ್ದವೇ?

ಮೊದಲಿನಿಂದಲೂ ಇವೆ. ಪ್ರತಿ ಅಲೆಯ ಹಿಂದೆಯೂ ಒಂದು ತಾಂತ್ರಿಕ ಬದಲಾವಣೆ ಇಲ್ಲವೇ ಮಾರಾಟದ ಬದಲಾವಣೆ ಇತ್ತೆಂಬುದನ್ನು ಗಮನಿಸಬೇಕು.

1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಓಪನ್-ಬ್ಯಾಕ್, ಅಂದರೆ ಹಿಂಬದಿ ತೆರೆದಿರುವ, ವಿನ್ಯಾಸವನ್ನು ಜನರ ಮುಂದಿಟ್ಟಿತು. ಕಿವಿಯನ್ನು ಮುಚ್ಚಿ ಕಟ್ಟಿಹಾಕದ, ಹಗುರವಾದ ಹೆಡ್‌ಫೋನ್ ಆಗ ಹೊಸತು. 1979ರಲ್ಲಿ ವಾಕ್‌ಮನ್ ಬಂದ ಮೇಲೆ ಸ್ಪಂಜಿನ ಪ್ಯಾಡ್‌ನ ಚಿಕ್ಕ ಹೆಡ್‌ಫೋನ್‌ಗಳ ಕಾಲ. ಆ ಅಲೆಯಲ್ಲಿ ಹುಟ್ಟಿದ ಕಾಸ್ ಪೋರ್ಟಾ ಪ್ರೋ 1984ರದು, ಇವತ್ತಿಗೂ ಸಿಗುತ್ತದೆ. 2000ದ ದಶಕದಲ್ಲಿ ಎಚ್‌ಡಿ 600 ಹಾಗೂ 650, ಬೇಯರ್‌ಡೈನಮಿಕ್ ಡಿಟಿ 880, ಎಕೆಜಿ ಕೆ701 ಇವುಗಳಲ್ಲಿ ಯಾವುದು ಮೇಲೆಂಬ ವಾದ ಮುಗಿಯುತ್ತಲೇ ಇರಲಿಲ್ಲ. ಕೆ701ರ ಹೆಡ್‌ಬ್ಯಾಂಡಿನ ಒಳಗಿನ ಉಬ್ಬುಗಳು ತಲೆ ಒತ್ತುತ್ತವೆ ಎಂಬ ದೂರು ಸದ್ದಿಳಿದ ಮೇಲೂ ಉಳಿಯಿತು.

2008ರಲ್ಲಿ ಬೀಟ್ಸ್ ಹೆಡ್‌ಫೋನನ್ನು ಉಡುಪಿನ ಭಾಗವನ್ನಾಗಿ ಮಾಡಿತು. 2014ರಲ್ಲಿ ಆಪಲ್ ಅದನ್ನು 300 ಕೋಟಿ ಡಾಲರಿಗೆ ಕೊಂಡಿತು. ಅದೇ ಹೊತ್ತಿಗೆ ಹವ್ಯಾಸಿಗಳ ನಡುವೆ ಬೇರೆಯೇ ಅಲೆ: ಆಡೀಜ್, ಹೈಫೈಮ್ಯಾನ್ ಕಂಪನಿಗಳು ಪ್ಲೇನರ್ ಮ್ಯಾಗ್ನೆಟಿಕ್ ಡ್ರೈವರನ್ನು (ಚಪ್ಪಟೆ ಪೊರೆಯನ್ನು ಆಯಸ್ಕಾಂತಗಳ ಬಲದಿಂದ ಕಂಪಿಸಿ ಧ್ವನಿ ಹುಟ್ಟಿಸುವ ಭಾಗ) ಮತ್ತೆ ಮುಂದೆ ತಂದವು. ಅದು ಹೊಸ ಆವಿಷ್ಕಾರವೇನಲ್ಲ. ಯಮಾಹಾ ಎಚ್‌ಪಿ-1 ಅದೇ ತತ್ವದಲ್ಲಿ 1976ರಲ್ಲೇ ಬಂದಿತ್ತು. ಹೊಸ ಆಯಸ್ಕಾಂತಗಳೂ ತೆಳು ಪೊರೆಗಳೂ ಸಿಕ್ಕಿದ್ದರಿಂದ ಹಳೆಯ ಉಪಾಯ ಮರಳಿತು. 2016ರಲ್ಲಿ ಐಫೋನ್ 7 ಹೆಡ್‌ಫೋನ್ ಜ್ಯಾಕನ್ನು ಬಿಟ್ಟಾಗ ಒಂದೆಡೆ ವೈರ್‌ಲೆಸ್ ಬೆಳೆಯಿತು, ಇನ್ನೊಂದೆಡೆ ಡಿಜಿಟಲ್ ಸಂಗೀತವನ್ನು ಹೆಡ್‌ಫೋನ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ, ಬೆರಳುದ್ದದ ಡಾಂಗಲ್ ಡ್ಯಾಕ್‌ಗಳ ಹೊಸ ಮಾರುಕಟ್ಟೆಯೇ ಹುಟ್ಟಿತು. 2021–22ರಲ್ಲಿ ಸೆವೆನ್‌ಹರ್ಟ್ಜ್ ಟೈಮ್‌ಲೆಸ್‌ನಂಥ ಪ್ಲೇನರ್ ಇನ್-ಇಯರ್‌ಗಳೂ (ಕಿವಿಯೊಳಗೆ ಕೂರುವಂಥವು) ಮೂನ್‌ಡ್ರಾಪ್ ಚು, ಸಾಲ್‌ನೋಟ್ಸ್ ಝೀರೋದಂಥ ಅಗ್ಗದ ಇನ್-ಇಯರ್‌ಗಳೂ ಒಂದರ ಹಿಂದೊಂದು ಬಂದವು.

ಅಳಿದುಹೋದ ಅಲೆಗೂ ಒಂದು ಉದಾಹರಣೆ ಬೇಕು. ಎಂಕ್ಯೂಎ ಎಂಬ ಆಡಿಯೊ ವಿಧಾನವನ್ನು 2017ರಿಂದ ಟೈಡಲ್ ಎಂಬ ಸಂಗೀತ ಸೇವೆ ಬಳಸತೊಡಗಿದಾಗ, ಡ್ಯಾಕ್ ಕೊಳ್ಳುವವರು ‘ಎಂಕ್ಯೂಎ ಇದೆಯಾ’ ಎಂದು ಮೊದಲು ಕೇಳುತ್ತಿದ್ದರು. 2023ರಲ್ಲಿ ಎಂಕ್ಯೂಎ ಕಂಪನಿ ಆರ್ಥಿಕ ಸಂಕಷ್ಟಕ್ಕೆ ಸಿಕ್ಕಿ ಬೇರೆಯವರ ಕೈಸೇರಿತು, 2024ರಲ್ಲಿ ಟೈಡಲ್ ಅದನ್ನು ಕೈಬಿಟ್ಟಿತು. ಆ ಒಂದು ಗುರುತಿಗಾಗಿ ಹೆಚ್ಚು ಹಣ ಕೊಟ್ಟವರಿಗೆ ಅದರಿಂದ ಈಗ ಉಪಯೋಗ ತೀರಾ ಕಡಿಮೆ.

ಬೆಲೆ ಹೆಚ್ಚಾದಷ್ಟೂ ಧ್ವನಿ ಉತ್ತಮವಾಗುತ್ತದೆಯೇ?

ಇಲ್ಲ. 2017ರಲ್ಲಿ ಪ್ರಕಟವಾದ ಬ್ರೇಬಾರ್ಟ್ ಅವರ ಅಧ್ಯಯನವೊಂದು 283 ಹೆಡ್‌ಫೋನ್‌ಗಳನ್ನು ಅಳೆದು, ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ (ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂಬುದಕ್ಕೂ) ಸಂಬಂಧ ಕಾಣಲಿಲ್ಲ ಎಂದಿತು. ಹೆಚ್ಚಿನ ಹಣಕ್ಕೆ ಸಿಗುವುದು ಒಳ್ಳೆಯ ಕಟ್ಟುಮಸ್ತು, ಕೆಲವೊಮ್ಮೆ ಹೆಚ್ಚು ಸುಖ, ಬಿಡಿಭಾಗ, ವಾರಂಟಿ.

ಎಲ್ಲರೂ ಹಾರ್ಮನ್ ಟಾರ್ಗೆಟ್ ಅನ್ನುತ್ತಾರೆ. ಅದಕ್ಕೆ ಹೊಂದುವ ಹೆಡ್‌ಫೋನ್ ನನಗೂ ಹಿಡಿಸುತ್ತದೆಯೇ?

ಹಿಡಿಸುವ ಸಾಧ್ಯತೆ ಹೆಚ್ಚು, ಖಾತರಿಯಿಲ್ಲ. ಹಾರ್ಮನ್ ಟಾರ್ಗೆಟ್ ಎಂದರೆ ಹೆಡ್‌ಫೋನ್‌ನ ಫ್ರೀಕ್ವೆನ್ಸಿ ರೆಸ್ಪಾನ್ಸ್ ಹೀಗಿದ್ದರೆ ಚೆನ್ನ ಎಂದು ತೋರಿಸುವ ಗುರಿಯ ರೇಖೆ. ಹಾರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಹಾಗೂ ಅವರ ತಂಡ 2013ರ ಸುಮಾರಿನಿಂದ ನಡೆಸಿದ ಕೇಳುವ ಪರೀಕ್ಷೆಗಳಿಂದ ಈ ರೇಖೆ ರೂಪುಗೊಂಡಿತು. ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರ್‌ನ ಧ್ವನಿ ಕಿವಿಯ ಹತ್ತಿರ ಹೇಗಿರುತ್ತದೋ ಅದೇ ಅದರ ಬುಡ. ಅದೇ ತಂಡದ ಲೆಕ್ಕದಲ್ಲಿ ಕೇಳುಗರು ಮೂರು ಗುಂಪಾಗುತ್ತಾರೆ: ಸುಮಾರು ಶೇ 64 ಜನ ಆ ರೇಖೆಯನ್ನು ಮೆಚ್ಚುತ್ತಾರೆ, ಉಳಿದವರಲ್ಲಿ ಒಂದು ಗುಂಪಿಗೆ ಅದಕ್ಕಿಂತ ಹೆಚ್ಚು ಬಾಸ್ ಬೇಕು, ಇನ್ನೊಂದಕ್ಕೆ ಕಡಿಮೆ. ನೀವು ಆ ಮೂರನೇ ಒಂದು ಭಾಗದವರಾಗಿದ್ದರೆ, ಟಾರ್ಗೆಟ್‌ಗೆ ಅಂಟಿಕೊಂಡ ಹೆಡ್‌ಫೋನ್ ನಿಮಗೆ ಗುಮ್ಮೆನ್ನಬಹುದು ಅಥವಾ ಸಪ್ಪೆ ಅನ್ನಿಸಬಹುದು. ಅದರಲ್ಲಿ ನಿಮ್ಮ ಕಿವಿಯ ತಪ್ಪೇನೂ ಇಲ್ಲ.

ಈ ರೇಖೆಯೂ ಒಂದು ಟ್ರೆಂಡ್ ಆಯಿತು. ತಯಾರಕರು ಅದಕ್ಕೆ ಸರಿಯಾಗಿ ಟ್ಯೂನ್ ಮಾಡತೊಡಗಿದರು, ವಿಮರ್ಶೆಗಳು ರೇಖೆಯಿಂದ ಎಷ್ಟು ದೂರವಿದೆ ಎಂದೇ ಅಂಕ ಕೊಡತೊಡಗಿದವು. ಒಟ್ಟಾರೆ ಇದರಿಂದ ಒಳಿತೇ ಆಗಿದೆ ಎಂಬುದು ನಮ್ಮ ಅಭಿಪ್ರಾಯ. ಅಗ್ಗದ ಇನ್-ಇಯರ್‌ಗಳ ಟ್ಯೂನಿಂಗ್ ಇಷ್ಟು ಸುಧಾರಿಸಲು ಇದೇ ದೊಡ್ಡ ಕಾರಣ.

ಗ್ರಾಫ್ ನೋಡುವಾಗ ಜನ ಎಲ್ಲಿ ಎಡವುತ್ತಾರೆ?

ಎರಡು ಬೇರೆ ಯಂತ್ರಗಳ ಗ್ರಾಫ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಲ್ಲಿ. ಇನ್-ಇಯರ್‌ಗಳನ್ನು ಅಳೆಯಲು ಬಹಳ ಮಂದಿ ಬಳಸುವುದು 711 ಎಂದು ಕರೆಯುವ ಕಪ್ಲರ್, ಅಂದರೆ ಕಿವಿಯ ನಾಳವನ್ನು ಅನುಕರಿಸುವ ಅಳತೆಯ ಉಪಕರಣ. ಅದರಲ್ಲಿ 8 ಕಿಲೋಹರ್ಟ್ಜ್ ಸುಮಾರಿಗೆ ಕಾಣುವ ಚೂಪು ಶಿಖರ ಹಲವು ಸಲ ಕಪ್ಲರ್‌ನ ಉದ್ದಕ್ಕೆ ಹುಟ್ಟಿದ ಅನುರಣನ. ಇನ್-ಇಯರನ್ನು ಸ್ವಲ್ಪ ಒಳಗೆ ತಳ್ಳಿದರೆ ಶಿಖರವೂ ಸರಿಯುತ್ತದೆ. ನಿಮ್ಮ ಕಿವಿಯಲ್ಲಿ ಅದು ಬೇರೆ ಜಾಗದಲ್ಲಿರುತ್ತದೆ. ಬ್ರೂಯೆಲ್ ಆಂಡ್ ಕ್ಯಾರ್ 5128 ಎಂಬ ಹೊಸ ಕೃತಕ ತಲೆ ಮನುಷ್ಯನ ಕಿವಿಗೆ ಇನ್ನೂ ಹತ್ತಿರ, ಆದರೆ ಅದರ ಗ್ರಾಫ್ ಮೇಲೆ 711ಕ್ಕಾಗಿ ಮಾಡಿದ ಟಾರ್ಗೆಟ್ ಹಾಕಿದರೆ ಅರ್ಥ ಕೆಡುತ್ತದೆ.

ಲಂಬ ಅಕ್ಷವನ್ನೂ ನೋಡಿ. ಮೇಲಿಂದ ಕೆಳಗೆ 100 ಡೆಸಿಬೆಲ್ ತೋರಿಸುವ ಗ್ರಾಫಿನಲ್ಲಿ ಯಾವುದೇ ಹೆಡ್‌ಫೋನ್ ನುಣುಪಾಗಿ ಕಾಣುತ್ತದೆ, 40 ತೋರಿಸುವುದರಲ್ಲಿ ಅದೇ ಹೆಡ್‌ಫೋನ್ ಏರುಪೇರು. ಜೊತೆಗೆ ಸ್ಮೂದಿಂಗ್ (ಗೆರೆಯ ಏರುಪೇರನ್ನು ಸವರುವುದು) ಎಷ್ಟೆಂದು ಬರೆದಿಲ್ಲದ ಗ್ರಾಫನ್ನು ಟ್ರೆಬಲ್ (ಎತ್ತರದ ಸ್ವರಗಳ) ವಿಷಯದಲ್ಲಿ ನಂಬಬೇಡಿ.

ಒಂದೇ ಇನ್-ಇಯರ್‌ಗೆ ಒಬ್ಬರು ‘ಬಾಸ್ ಜಾಸ್ತಿ’, ಇನ್ನೊಬ್ಬರು ‘ಬಾಸೇ ಇಲ್ಲ’ ಅನ್ನುವುದೇಕೆ?

ಮೊದಲ ಕಾರಣ ಸೀಲ್. ಇಯರ್‌ಟಿಪ್ ಸರಿಯಾಗಿ ಕೂರದಿದ್ದರೆ ಕೆಳಗಿನ ಬಾಸ್ ಸೋರಿಹೋಗುತ್ತದೆ. ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್‌ನಲ್ಲಿ ಕನ್ನಡಕದ ಕಡ್ಡಿ ಇದೇ ಕೆಲಸ ಮಾಡುತ್ತದೆ.

ಎರಡನೆಯದು ಆ್ಯಂಪ್‌ನ (ಹೆಡ್‌ಫೋನ್‌ಗೆ ಶಕ್ತಿ ಕೊಡುವ ಆ್ಯಂಪ್ಲಿಫೈಯರ್‌ನ) ಔಟ್‌ಪುಟ್ ಇಂಪೆಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ; ಇದನ್ನು ಗಮನಿಸುವವರು ಕಡಿಮೆ. ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ (ಒಂದು ಬಗೆಯ ಪುಟ್ಟ ಡ್ರೈವರ್) ಇರುವ ಇನ್-ಇಯರ್‌ನ ಇಂಪೆಡೆನ್ಸ್ ಒಂದು ಸ್ವರಕ್ಕೆ 8 ಓಮ್, ಇನ್ನೊಂದಕ್ಕೆ 40 ಓಮ್ ಇರಬಹುದು. ಅದನ್ನು 10 ಓಮ್ ಔಟ್‌ಪುಟ್‌ಗೆ ಸಿಕ್ಕಿಸಿದರೆ ಆ ಎರಡು ಜಾಗಗಳ ನಡುವೆ ಸುಮಾರು 5 ಡೆಸಿಬೆಲ್ ವ್ಯತ್ಯಾಸ ಹೊಸದಾಗಿ ಹುಟ್ಟುತ್ತದೆ. 1 ಓಮ್‌ಗಿಂತ ಕಡಿಮೆಯ ಔಟ್‌ಪುಟ್‌ಗೆ ಸಿಕ್ಕಿಸಿದವರು ಕೇಳುವುದು ಬೇರೆಯೇ ಧ್ವನಿ. ಆ್ಯಂಪ್‌ನ ಔಟ್‌ಪುಟ್ ಇಂಪೆಡೆನ್ಸ್ ಹೆಡ್‌ಫೋನ್‌ನದರ ಎಂಟನೇ ಒಂದು ಭಾಗ ಮೀರದಿದ್ದರೆ ಸಾಕು ಎಂಬುದು ರೂಢಿಯ ಲೆಕ್ಕ, ಇಂಥ ಇನ್-ಇಯರ್‌ಗಳಿಗೆ ಕನಿಷ್ಠ ಇಂಪೆಡೆನ್ಸನ್ನೇ ಆಧಾರವಾಗಿ ಹಿಡಿಯಿರಿ. ವಿಮರ್ಶಕರು ಯಾವುದಕ್ಕೆ ಸಿಕ್ಕಿಸಿ ಕೇಳಿದರೆಂದು ಬರೆದಿದ್ದರೆ ಅಂಥ ವಿಮರ್ಶೆಗೆ ಬೆಲೆ ಹೆಚ್ಚು.

‘ಇದಕ್ಕೆ ದೊಡ್ಡ ಆ್ಯಂಪ್ ಬೇಕೇ ಬೇಕು’ ಎಂಬ ಮಾತು ನಿಜವೇ?

ಲೆಕ್ಕ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಡಬ್ಬದ ಮೇಲಿನ ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಇಷ್ಟು ಸದ್ದು ಎಂಬ ಅಂಕಿ) ಮಿಲಿವ್ಯಾಟ್‌ಗೆ ಕೊಟ್ಟಿದ್ದೋ ವೋಲ್ಟ್‌ಗೆ ಕೊಟ್ಟಿದ್ದೋ ಮೊದಲು ನೋಡಿ. ಇವೆರಡನ್ನು ಬೆರೆಸುವುದೇ ಹೆಚ್ಚಿನ ಗೊಂದಲಕ್ಕೆ ಮೂಲ. ಮಿಲಿವ್ಯಾಟ್‌ಗೆ ಇದ್ದರೆ, 1000ವನ್ನು ಇಂಪೆಡೆನ್ಸ್‌ನಿಂದ ಭಾಗಿಸಿ, ಬಂದದ್ದರ ಲಾಗರಿದಮ್ ತೆಗೆದು 10ರಿಂದ ಗುಣಿಸಿ, ಸೆನ್ಸಿಟಿವಿಟಿಗೆ ಕೂಡಿಸಿ. ಅದು 1 ವೋಲ್ಟ್‌ಗೆ ಸಿಗುವ ಸದ್ದು.

300 ಓಮ್, ಮಿಲಿವ್ಯಾಟ್‌ಗೆ 98 ಡೆಸಿಬೆಲ್ ಎಂದಿಟ್ಟುಕೊಳ್ಳಿ. 1 ವೋಲ್ಟ್‌ಗೆ 103.2 ಆಯಿತು. ಸಂಗೀತದ ಅತಿ ಜೋರಾದ ಕ್ಷಣಗಳಿಗೆ 110 ಡೆಸಿಬೆಲ್ ಇಟ್ಟುಕೊಂಡರೆ ಬೇಕಾಗುವುದು ಸುಮಾರು 2.2 ವೋಲ್ಟ್, 16 ಮಿಲಿವ್ಯಾಟ್. ಇನ್ನೊಂದು: 32 ಓಮ್, 94 ಡೆಸಿಬೆಲ್‌ನ ಪ್ಲೇನರ್. ಅದಕ್ಕೆ 1.13 ವೋಲ್ಟ್ ಸಾಕು, ಆದರೆ 35 ಮಿಲಿಆಂಪಿಯರ್ ಕರೆಂಟ್, 40 ಮಿಲಿವ್ಯಾಟ್ ಬೇಕು. ಹೆಚ್ಚಿನ ಮೇಜಿನ ಆ್ಯಂಪ್‌ಗಳು ಈ ಎರಡನ್ನೂ ಸುಲಭವಾಗಿ ಕೊಡುತ್ತವೆ. 1 ವೋಲ್ಟ್‌ನ ಡಾಂಗಲ್‌ಗೆ ಮೊದಲನೆಯದು ಸ್ವಲ್ಪ ಕಷ್ಟ. ಓಮ್ ಹೆಚ್ಚಿದ್ದರೆ ಗುಣ ಹೆಚ್ಚು ಎಂಬ ನಂಬಿಕೆಯೂ ಹೀಗೇ ಬೆಳೆದದ್ದು. ಡಿಟಿ 770 ಪ್ರೋ 32, 80, 250 ಓಮ್‌ಗಳಲ್ಲಿ ಬಂದದ್ದು ಬೇರೆ ಬೇರೆ ಉಪಕರಣಗಳಿಗೆ ಹೊಂದಲೆಂದು.

ಬರ್ನ್-ಇನ್, ಅಂದರೆ ಹಲವು ಗಂಟೆ ಓಡಿಸಿ ಪಳಗಿಸುವುದು, ಆದ ಮೇಲೆ ಧ್ವನಿ ಸರಿಹೋಗುತ್ತದೆ ಅನ್ನುತ್ತಾರಲ್ಲ?

ಪ್ಯಾಡ್ ಮೆತ್ತಗಾಗಿ ಡ್ರೈವರ್ ಕಿವಿಗೆ ಹತ್ತಿರ ಬರುವುದು ನಿಜ, ಅದರಿಂದ ಧ್ವನಿ ಬದಲಾಗುವುದೂ ನಿಜ. ಡ್ರೈವರ್ ತಾನಾಗಿ ಬದಲಾಗುವುದು ಬಹಳ ಅಲ್ಪ. ಉಳಿದದ್ದು ನಿಮ್ಮ ಮಿದುಳಿನ ಹೊಂದಾಣಿಕೆ. ಒಂದೇ ಪ್ರಚೋದನೆಯನ್ನು ಪದೇ ಪದೇ ಎದುರಿಸಿದಾಗ ಅದು ಇಷ್ಟವಾಗತೊಡಗುತ್ತದೆ ಎಂದು ರಾಬರ್ಟ್ ಝಯಾಂಕ್ 1968ರಲ್ಲೇ ತೋರಿಸಿದ್ದರು. ನೂರು ಗಂಟೆ ಓಡಿಸಿ ಆಮೇಲೆ ತೀರ್ಮಾನಿಸಿ ಎಂಬ ಸಲಹೆಯ ನಿಜವಾದ ಅಪಾಯ ಬೇರೆ: ಅಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. ಮೊದಲ ವಾರದಲ್ಲಿ ಕಿವಿ ಚುಚ್ಚುವ ಟ್ರೆಬಲ್ ಇದ್ದರೆ ವಾಪಸ್ ಕೊಡಿ.

ಕೊಳ್ಳುವ ಮೊದಲೇ ಆ ಧ್ವನಿಯ ರುಚಿ ನೋಡಲು ಸಾಧ್ಯವೇ?

ಅರ್ಧದಷ್ಟು ಸಾಧ್ಯ. ಅಬ್ಬರ ತಣಿಸಲು ನಮಗೆ ತಿಳಿದ ಅತ್ಯುತ್ತಮ ಉಪಾಯ ಇದೇ. ನಿಮ್ಮ ಹತ್ತಿರ ಇರುವ ಹೆಡ್‌ಫೋನ್, ಕೊಳ್ಳಬೇಕೆಂದಿರುವ ಹೆಡ್‌ಫೋನ್ ಎರಡನ್ನೂ ಒಂದೇ ಯಂತ್ರದಲ್ಲಿ, ಒಬ್ಬರೇ ಅಳೆದ ದತ್ತಾಂಶ ಹುಡುಕಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವ ವ್ಯತ್ಯಾಸವೇ ನಿಮಗೆ ಬೇಕಾದ ಈಕ್ಯೂ, ಅಂದರೆ ಯಾವ ಸ್ವರಗಳನ್ನು ಎಷ್ಟು ಏರಿಸಬೇಕು, ಇಳಿಸಬೇಕು ಎಂಬ ಹೊಂದಾಣಿಕೆ. ಕಂಪ್ಯೂಟರ್‌ನಲ್ಲಿ ಈಕ್ವಲೈಸರ್ ಎಪಿಒದಂಥ ಉಚಿತ ತಂತ್ರಾಂಶದಲ್ಲಿ 5ರಿಂದ 8 ಫಿಲ್ಟರ್ ಹಾಕಿದರೆ ಸಾಕು. ಅತಿ ಹೆಚ್ಚು ಏರಿಸಿದ್ದು 6 ಡೆಸಿಬೆಲ್ ಆದರೆ ಪ್ರೀಆ್ಯಂಪನ್ನು (ಅದೇ ತಂತ್ರಾಂಶದಲ್ಲಿನ ಒಟ್ಟು ಸದ್ದಿನ ಮಟ್ಟವನ್ನು) 6 ಡೆಸಿಬೆಲ್ ಇಳಿಸಿ. ಇದನ್ನು ಮರೆತರೆ ಜೋರು ಭಾಗಗಳಲ್ಲಿ ಧ್ವನಿ ಒಡೆಯುತ್ತದೆ, ಆಗ ನೀವು ಹೆಡ್‌ಫೋನನ್ನು ದೂರುತ್ತೀರಿ.

1 ಕಿಲೋಹರ್ಟ್ಜ್‌ಗಿಂತ ಕೆಳಗಿನದು ಚೆನ್ನಾಗಿ ಹೊಂದುತ್ತದೆ. 1ರಿಂದ 6ರ ತನಕ ಸುಮಾರಾಗಿ. 8ರ ಮೇಲೆ ಚೂಪಾದ ಫಿಲ್ಟರ್ ಹಾಕಬೇಡಿ, ಅಲ್ಲಿ ನಿಮ್ಮ ಕಿವಿಯ ಆಕಾರದ್ದೇ ರಾಜ್ಯ. ಸೌಂಡ್‌ಸ್ಟೇಜ್ (ಧ್ವನಿ ಎಷ್ಟು ಹರವಾಗಿ ಕೇಳುತ್ತದೆ ಎಂಬುದು), ತೂಕ, ಬಿಗಿತ ಇದರಲ್ಲಿ ತಿಳಿಯುವುದಿಲ್ಲ. ಹೀಗೆ ಒಂದು ವಾರ ಕೇಳಿದ ಮೇಲೂ ಆ ಧ್ವನಿ ಬೇಕೆನ್ನಿಸಿದರೆ ನಿಮ್ಮ ಆಸೆಗೆ ಬುಡವಿದೆ. ಬಾಸ್ ಸ್ವಲ್ಪ ಹೆಚ್ಚಾದದ್ದೇ ಸಾಕಾಯಿತು ಅನ್ನಿಸಿದರೆ, 105 ಹರ್ಟ್ಜ್‌ನಲ್ಲಿ 4 ಡೆಸಿಬೆಲ್‌ನ ಲೋ ಶೆಲ್ಫ್ (ಅದರ ಕೆಳಗಿನದನ್ನೆಲ್ಲ ಏರಿಸುವ ಫಿಲ್ಟರ್) ಹಾಕಿಕೊಂಡು ಹಣ ಉಳಿಸಿ.

ಎರಡು ಹೆಡ್‌ಫೋನ್ ಕೈಯಲ್ಲಿದ್ದಾಗ ಪಕ್ಷಪಾತವಿಲ್ಲದೆ ಹೋಲಿಸುವುದು ಹೇಗೆ?

ಸದ್ದಿನ ಮಟ್ಟ ಸಮ ಮಾಡುವುದು ಎಲ್ಲಕ್ಕಿಂತ ಮುಖ್ಯ. 1 ಡೆಸಿಬೆಲ್ ಜೋರಾದದ್ದು ‘ಜೋರು’ ಅನ್ನಿಸದೆ ‘ಉತ್ತಮ’ ಅನ್ನಿಸುತ್ತದೆ.

1. ಗಟ್ಟಿ ರಟ್ಟಿನ ಹಾಳೆಗೆ ಮೈಕ್ ತೂರುವಷ್ಟು ತೂತು ಮಾಡಿ, ಮೈಕ್ ತುದಿ ರಟ್ಟಿನ ಮಟ್ಟಕ್ಕೆ ಇರುವಂತೆ ಸಿಕ್ಕಿಸಿ. ಪ್ಯಾಡ್ ಸುತ್ತಲೂ ಸಂದಿಲ್ಲದೆ ಕೂರಬೇಕು.
2. 500ರಿಂದ 2000 ಹರ್ಟ್ಜ್‌ಗೆ ಸೀಮಿತವಾದ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ‘ಶೋ’ ಎನ್ನುವ ಸದ್ದು) ಹಾಕಿ, ಎರಡೂ ಅರ್ಧ ಡೆಸಿಬೆಲ್ ಒಳಗೆ ಬರುವ ತನಕ ವಾಲ್ಯೂಮ್ ಸರಿಮಾಡಿ. ಆ ಮಟ್ಟಗಳನ್ನು ಬರೆದಿಟ್ಟುಕೊಳ್ಳಿ. ಇಡೀ ವ್ಯಾಪ್ತಿಯ ನಾಯ್ಸ್ ಹಾಕಿದರೆ ಬಾಸ್ ಹೆಚ್ಚಿರುವ ಹೆಡ್‌ಫೋನ್‌ಗೆ ಅನ್ಯಾಯವಾಗುತ್ತದೆ.
3. ಚೆನ್ನಾಗಿ ಗೊತ್ತಿರುವ ಮೂರು ಹಾಡುಗಳ 30 ಸೆಕೆಂಡಿನ ತುಣುಕುಗಳನ್ನಷ್ಟೇ ಬಳಸಿ.
4. ಮೊದಲ ದಿನ ಒಂದನ್ನು ಮೊದಲು ಕೇಳಿ, ಮರುದಿನ ಇನ್ನೊಂದನ್ನು ಮೊದಲು. ಯಾವುದು ಮೊದಲು ಬಂತೋ ಅದು ಎರಡನೆಯದರ ತೀರ್ಪನ್ನು ಬದಲಿಸುತ್ತದೆ.

ಹೆಡ್‌ಫೋನ್ ತಲೆಗೆ ತಾಗಿದೊಡನೆ ಗುರುತು ಸಿಗುವುದರಿಂದ ಪೂರ್ತಿ ಮರೆಮಾಚಿದ ಪರೀಕ್ಷೆ ಮನೆಯಲ್ಲಿ ಆಗದು. ಆದರೂ ಕಣ್ಣಿನ ಪ್ರಭಾವ ಸಣ್ಣದಲ್ಲ. ಫ್ಲಾಯ್ಡ್ ಟೂಲ್ ಹಾಗೂ ಶಾನ್ ಆಲಿವ್ 1994ರಲ್ಲಿ ಸ್ಪೀಕರ್‌ಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಸ್ಪೀಕರ್ ಕಾಣುತ್ತಿದ್ದಾಗ ಕೊಟ್ಟ ಅಂಕಗಳೂ ಪರದೆಯ ಹಿಂದಿದ್ದಾಗ ಕೊಟ್ಟ ಅಂಕಗಳೂ ಬೇರೆಯಾದವು. ಕೇಳುವುದರಲ್ಲಿ ಪಳಗಿದವರೂ ಇದಕ್ಕೆ ಹೊರತಾಗಲಿಲ್ಲ. ಆ್ಯಂಪ್, ಡ್ಯಾಕ್‌ಗಳಲ್ಲಾದರೆ ಮರೆಮಾಚುವುದು ಸುಲಭ: 1 ಕಿಲೋಹರ್ಟ್ಜ್ ಸ್ವರ ಹಾಕಿ, ಮಲ್ಟಿಮೀಟರ್‌ನಲ್ಲಿ ಎಸಿ ವೋಲ್ಟೇಜ್ ಶೇ 1ರ ಒಳಗೆ ಸಮ ಮಾಡಿ, ಬೇರೆಯವರಿಂದ ಬದಲಾಯಿಸಿಸಿ. ಮೀಟರ್ 1 ಕಿಲೋಹರ್ಟ್ಜ್‌ನಲ್ಲಿ ಸರಿಯಾಗಿ ಓದದಿದ್ದರೆ 100 ಹರ್ಟ್ಜ್ ಬಳಸಿ.

ಲಿಮಿಟೆಡ್ ಎಡಿಷನ್‌ಗೆ ಆತುರಪಡಬೇಕೇ?

ಬಣ್ಣ ಇಷ್ಟವಾದರೆ ಕೊಳ್ಳಿ. ಆಡಿಯೊ-ಟೆಕ್ನಿಕಾ ಎಂ50ಎಕ್ಸ್‌ನ ವಿಶೇಷ ಬಣ್ಣಗಳಲ್ಲಿ ಒಳಗಿನ ಹೆಡ್‌ಫೋನ್ ಅದೇ.

ಹೋದ ವರ್ಷ ಎಲ್ಲರೂ ಹೊಗಳಿದ್ದನ್ನು ಈ ವರ್ಷ ತೆಗಳುತ್ತಾರೆ. ಯಾರನ್ನು ನಂಬುವುದು?

ಎರಡನ್ನೂ ಕಾಲದ ಲೆಕ್ಕದಲ್ಲಿ ಓದಿ. ಮೊದಲು ಕೊಂಡವರು ಅದನ್ನು ಅತಿಯಾಗಿ ಬಯಸಿದವರು, ಹೊಗಳಿಕೆ ಸಹಜ. ಆಮೇಲೆ ಬಂದವರು ಹೊಗಳಿಕೆ ಓದಿ ಕೊಂಡವರು, ಅವರ ಅಳತೆಗೋಲು ಮೊದಲೇ ಎತ್ತರದಲ್ಲಿರುತ್ತದೆ. ಹೆಡ್‌ಫೋನ್ ಅದೇ. ಹೆಚ್ಚು ಬೆಲೆಬಾಳುವ ಮಾಹಿತಿ ಬರುವುದು ವರ್ಷ ಕಳೆದ ಮೇಲೆ: ಎಲ್ಲಿ ಬಿರುಕು ಬಿಡುತ್ತದೆ, ಎಡ-ಬಲ ಸದ್ದು ಸಮ ಉಳಿಯುತ್ತದೆಯೇ, ಪ್ಯಾಡ್ ಎಷ್ಟು ಬೇಗ ಸಿಪ್ಪೆ ಏಳುತ್ತದೆ, ಹೊಸ ಪ್ಯಾಡ್ ತಯಾರಕರಿಂದಲೇ ಸಿಗುತ್ತದೆಯೇ. 1997ರ ಎಚ್‌ಡಿ 600ರ ಹೆಸರು ಉಳಿದಿರುವುದು ಧ್ವನಿಯಿಂದ ಮಾತ್ರವಲ್ಲ. ಅದರ ಕೇಬಲ್, ಪ್ಯಾಡ್, ಹೆಡ್‌ಬ್ಯಾಂಡಿನ ಮೆತ್ತೆ ಎಲ್ಲವನ್ನೂ ಕೈಯಲ್ಲೇ ಬಿಚ್ಚಿ ಬದಲಿಸಬಹುದು, ತೂಕ 260 ಗ್ರಾಂ ಮಾತ್ರ. 500 ಗ್ರಾಂ ದಾಟುವ ಪ್ಲೇನರ್‌ಗಳನ್ನು ಕೊಂಡವರು ಹಲವರು ಮಾರಿಬಿಡುವುದು ಕುತ್ತಿಗೆ ನೋವಿಗೆ, ಧ್ವನಿ ಹಿಡಿಸದೆ ಅಲ್ಲ.

ಅಬ್ಬರ ಇಳಿದ ಮೇಲೆ ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಏನು ಪರೀಕ್ಷಿಸಬೇಕು?

ಒಳ್ಳೆಯ ಹೊತ್ತು ಅದೇ. ಮೊದಲು ಮೋನೋ ಧ್ವನಿ (ಎರಡೂ ಕಿವಿಗೆ ಒಂದೇ) ಹಾಕಿ, ಹಾಡುವವರ ದನಿ ನಡು ನೆತ್ತಿಯಲ್ಲಿ ನಿಲ್ಲುತ್ತದೆಯೇ ನೋಡಿ. ಒಂದು ಕಡೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ. ವಾಲುವ ಕಡೆಯೂ ಬದಲಾದರೆ ದೋಷ ಹೆಡ್‌ಫೋನ್, ಕೇಬಲ್ ಇಲ್ಲವೇ ಅದನ್ನು ಸಿಕ್ಕಿಸಿದ ಉಪಕರಣದ್ದು, ಬದಲಾಗದಿದ್ದರೆ ನಿಮ್ಮ ಕಿವಿಯದು. ಕೇಬಲ್ ಬಿಚ್ಚುವಂತಿದ್ದರೆ ಅದರ ಎಡ-ಬಲ ಅದಲುಬದಲು ಮಾಡಿ ಇನ್ನೊಮ್ಮೆ ನೋಡಿ. ಆಮೇಲೆ 20ರಿಂದ 200 ಹರ್ಟ್ಜ್ ತನಕ ನಿಧಾನ ಏರುವ ಸ್ವರವನ್ನು ಸಣ್ಣ ಸದ್ದಿನಲ್ಲಿ ಕೇಳಿ. 30–60ರ ಆಸುಪಾಸಿನಲ್ಲಿ ಗರಗರ ಬಂದರೆ ಬಹುತೇಕ ಪೊರೆಗೆ ತಾಗಿದ ತಲೆಗೂದಲು. ಪ್ಯಾಡ್ ಮತ್ತು ಫೋಮ್ ತೆಗೆದು, ಬೆಳಕಿಗೆ ಹಿಡಿದು, ಚಿಮುಟದಲ್ಲಿ ಎಚ್ಚರದಿಂದ ಎತ್ತಿದರೆ ಸರಿಹೋಗುತ್ತದೆ. ಕೂದಲಿಲ್ಲದೆಯೂ ಗರಗರ ಬಂದರೆ ಡ್ರೈವರ್ ಹೋಗಿದೆ, ಕೊಳ್ಳಬೇಡಿ.

ಪ್ಯಾಡ್ ಚಪ್ಪಟೆಯಾಗಿದ್ದರೆ ಗ್ರಾಫಿನಲ್ಲಿ ಕಂಡ ಧ್ವನಿ ಅಲ್ಲಿಲ್ಲ. ಹೊಸ ಪ್ಯಾಡಿನ ಬೆಲೆಯನ್ನು ಕೇಳಿದ ಮೊತ್ತಕ್ಕೆ ಕೂಡಿಸಿ ಚೌಕಾಸಿ ಮಾಡಿ. ಬದಲಿ ಪ್ಯಾಡನ್ನು ಅದೇ ತಯಾರಕರದೇ ಹಾಕಿಸಿ; ದಪ್ಪ, ತೂತುಗಳು, ಒಳಗಿನ ಬಟ್ಟೆ ಬೇರೆಯಾದರೆ ಬಾಸ್ ಮತ್ತು 2–5 ಕಿಲೋಹರ್ಟ್ಜ್ ಭಾಗ ಹಲವು ಡೆಸಿಬೆಲ್ ಏರಿಳಿಯುತ್ತದೆ.